ಕೇದಾರಕಂಠಕ್ಕೆ ಹೊರಟವರೇ, ಅಡ್ವಾನ್ಸ್ ಹಾಕುವ ಮುಂಚೆ ಇದನ್ನು ಓದಿ

ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ನಾವು ನಾಲ್ಕು ಜನ ಉತ್ತರಾಖಂಡದ ಹಿಮದ ಬೆಟ್ಟ ಕೇದಾರಕಂಠಕ್ಕೆ ಚಾರಣ ಹೋಗಿದ್ದೆವು. ಹಿಮದಲ್ಲಿ ನಿಂತ ನಮ್ಮ ಫೋಟೊ ನೋಡಿ ಈಗಾಗಲೇ ಮೂರು ಜನ ಏಜೆಂಟ್ ನಂಬರ್ ಕೇಳಿದ್ದಾರೆ. ಕೊಡಲ್ಲ. ಆ ಫೋಟೊ ಮೊದಲನೇ ಕ್ಯಾಂಪಿನದು. ತುದಿ ನಾನು ನೋಡಲೇ ಇಲ್ಲ.

ದಾರಿಗೆ ಮಾತ್ರ ಹೆಸರಿಡುವಂತಿಲ್ಲ. ಡೆಹ್ರಾಡೂನ್‌ನಿಂದ, ಬೆಟ್ಟ ಹತ್ತಲು ಶುರು ಮಾಡುವ ಸಾಂಕ್ರಿ ಹಳ್ಳಿಗೆ ಸುಮಾರು 200 ಕಿಲೋಮೀಟರ್. ಮಸ್ಸೂರಿ ದಾಟಿದರೆ ಯಮುನೆ ಜೊತೆಗೇ ಬರುತ್ತಾಳೆ, ಪುರೋಲ ಆದ ಮೇಲೆ ಪೈನ್ ಕಾಡು. ನಮ್ಮ ಹೈವೇಯಲ್ಲಿ ಮೂರು ತಾಸಿನ ದೂರ ಅದು. ಅಲ್ಲಿ ಇಡೀ ದಿನ ಹಿಡಿಯಿತು.

ಫೋನಿನಲ್ಲಿ ಏಜೆಂಟ್ 'ಎಲ್ಲಾ ಪ್ಯಾಕೇಜಲ್ಲೇ ಇದೆ ಸಾರ್' ಅಂದಿದ್ದ. ಸಾಂಕ್ರಿಯಲ್ಲಿ ನೋಡಿದರೆ ನಾಲ್ಕು ಜನಕ್ಕೆ ಎರಡೇ ಜೊತೆ ಮೈಕ್ರೋಸ್ಪೈಕ್. ಉಳಿದದ್ದಕ್ಕೆ ಬಾಡಿಗೆ ಕೊಡಬೇಕಂತೆ! ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೂಟಿನ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿ, ಅದರ ಅಡಿಗೆ ಹಲ್ಲಿರುವ ಸರಪಳಿ. ಗಟ್ಟಿಯಾದ ಹಿಮದ ಮೇಲೆ ಅದಿಲ್ಲದಿದ್ದರೆ ಕಾಲು ನಿಲ್ಲುವುದಿಲ್ಲ. ನನಗೆ ಸಿಕ್ಕಿದ್ದರ ರಬ್ಬರ್ ಹಿಮ್ಮಡಿ ಹತ್ತಿರ ಹರಿದಿತ್ತು. ಗೈಡ್ ಹುಡುಗ ನೀಲಿ ಪ್ಲಾಸ್ಟಿಕ್ ದಾರ ಬಿಗಿದು 'ಚಲೇಗಾ' ಅಂದ. ನಾನೂ ಸುಮ್ನೆ ಹಾಕಿಕೊಂಡೆ. ಜೋಗಿಮಟ್ಟಿ ಹತ್ತಿದವರು, ಚಿತ್ರದುರ್ಗದ ಕೋಟೆ ಸುತ್ತಿದವರು ನಾವು ಅನ್ನುವ ಕೊಬ್ಬು ಬೇರೆ ಇತ್ತಲ್ವಾ.

ದಾವಣಗೆರೆ ಇರುವುದು 600 ಮೀಟರ್ ಎತ್ತರದಲ್ಲಿ. ಕೇದಾರಕಂಠದ ತುದಿ 3,800 ಮೀಟರ್. ಅಷ್ಟು ಮೇಲೆ ಗಾಳಿ ತೆಳು, ಅಭ್ಯಾಸವಿಲ್ಲದ ಮೈಗೆ ಆಕ್ಸಿಜನ್ ಸಾಲುವುದಿಲ್ಲ. ಎರಡನೇ ರಾತ್ರಿ ಗೆಳೆಯನಿಗೆ ತಲೆನೋವು ಶುರುವಾಯಿತು, ಆಮೇಲೆ ವಾಂತಿ. ಗೈಡ್ 'ಗ್ಯಾಸ್ಟ್ರಿಕ್' ಅಂದ. ಪರಾಠ ಜಾಸ್ತಿ ಆಯಿತು ಅಂತ ನಾವೂ ನಕ್ಕೆವು. ಇವತ್ತಿಗೂ ಆ ನಗು ನೆನೆದರೆ ನಾಚಿಕೆಯಾಗುತ್ತದೆ. 2,500 ಮೀಟರ್ ದಾಟಿದ ಮೇಲೆ ತಲೆನೋವಿನ ಜೊತೆ ವಾಂತಿಯಾದರೆ ಮೇಲೆ ಹತ್ತಲೇಬಾರದು, ಹೆಚ್ಚಾದರೆ ತಕ್ಷಣ ಇಳಿಯಬೇಕು. ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಎಲ್ಲಿ ಅಂದರೆ ಗೈಡ್ 'ಮುಂದಿನ ಕ್ಯಾಂಪಿನಲ್ಲಿ' ಅಂದ. ಮುಂದಿನ ಕ್ಯಾಂಪೇ ಇರಲಿಲ್ಲ.

ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ ಹೊರಡಿಸಿದ. ಬಾಟಲಿಯ ನೀರು ಗಡ್ಡೆ ಕಟ್ಟಿತ್ತು. ಅರ್ಧ ತಾಸು ಆಗಿರಬೇಕು, ಗೆಳೆಯ ಕುಡಿದವನ ಹಾಗೆ ಅಡ್ಡಾದಿಡ್ಡಿ ಕಾಲಿಡತೊಡಗಿದ. ಅವನನ್ನು ಗಮನಿಸಿದ್ದು ನಮ್ಮ ಗೈಡ್ ಅಲ್ಲ, ಹಿಂದೆ ಬರುತ್ತಿದ್ದ ಬೇರೆ ತಂಡದ ಲೀಡರ್. ಗೆಳೆಯನ ಕಣ್ಣಿಗೆ ಟಾರ್ಚ್ ಹಿಡಿದು ಹೆಸರು ಕೇಳಿದರು, ಸಾಲಾಗಿ ಹೆಜ್ಜೆ ಇಡು ಅಂದರು. ಆಗಲಿಲ್ಲ. ನಮ್ಮ ಗೈಡ್ ಹುಡುಗನಿಗೆ ಸರಿಯಾಗಿ ಬೈದು, ತಮ್ಮ ಕಡೆಯ ಒಬ್ಬರನ್ನು ಜೊತೆಗೆ ಕೊಟ್ಟು ನಮ್ಮಿಬ್ಬರನ್ನು ಕೆಳಗೆ ಕಳಿಸಿದರು.

ಇಳಿಯುವಾಗ ಆ ನೀಲಿ ದಾರ ಕಿತ್ತುಹೋಯಿತು. ಇಪ್ಪತ್ತು ಅಡಿ ಜಾರಿ ಒಂದು ಬಂಡೆಗೆ ಆತುಕೊಂಡೆ. ಅಂಗೈ ಚರ್ಮ ಸುಲಿದಿತ್ತು, ಚಳಿಗೆ ಉರಿಯೂ ಗೊತ್ತಾಗಲಿಲ್ಲ. ಸಾಂಕ್ರಿ ಮುಟ್ಟುವಷ್ಟರಲ್ಲಿ ಗೆಳೆಯ ತಾನೇ ಚಹಾ ಕೇಳಿದ.

ಹೋಗುವವರು ದುಡ್ಡು ಹಾಕುವ ಮುಂಚೆ ಸ್ಪೈಕ್‌ಗಳ ಫೋಟೊ ಕಳಿಸಲು ಹೇಳಿ. ಆಕ್ಸಿಜನ್ ಸಿಲಿಂಡರ್ ಯಾವ ಕ್ಯಾಂಪಿನಲ್ಲಿ ಇರುತ್ತದೆ, ಒಬ್ಬರು ಇಳಿಯಬೇಕಾದರೆ ಜೊತೆಗೆ ಯಾರು ಬರುತ್ತಾರೆ, ಕೇಳಿ. ಊರಿನ ಡಾಕ್ಟರ್‌ಗೆ ಒಮ್ಮೆ ತೋರಿಸಿಕೊಂಡೇ ರೈಲು ಹತ್ತಿ.

ವಾಪಸ್ ಬಂದು ಏಜೆಂಟ್‌ಗೆ ಫೋನ್ ಮಾಡಿದರೆ, 'ನೀವೇ ಅರ್ಧಕ್ಕೆ ಇಳಿದರೆ ನಾವೇನು ಮಾಡೋಣ ಸಾರ್' ಅಂದ. ಅವತ್ತು ಸಂಜೆ ಅವನ ಸ್ಟೇಟಸ್ ನೋಡಿದೆ. ಮುಂದಿನ ಬ್ಯಾಚ್‌ನ ಪೋಸ್ಟರ್. ಅದರಲ್ಲಿದ್ದದ್ದು ನಮ್ಮದೇ ಫೋಟೊ.