ಬೊಕಾಶಿ ಬಕೆಟ್ಟು: ಅರ್ಧ ಕೆಲಸವನ್ನು ಚೆನ್ನಾಗಿ ಮಾಡುವ ಸಾಧನ

ಅಡುಗೆಮನೆಯ ಹಸಿ ಕಸವನ್ನು ಮುಚ್ಚಿಟ್ಟು ಹುದುಗಿಸುವ ಬೊಕಾಶಿ ಬಕೆಟ್ಟಿನ ಪೆಟ್ಟಿಗೆಯ ಮೇಲೆ ‘ಎರಡೇ ವಾರದಲ್ಲಿ ಗೊಬ್ಬರ’ ಎಂಬ ಅರ್ಥದ ಮಾತು ಹಲವು ಬಾರಿ ದೊಡ್ಡ ಅಕ್ಷರಗಳಲ್ಲಿ ಇರುತ್ತದೆ. ಅದನ್ನು ನಂಬಿ ಕೊಂಡವರು ಎರಡು ವಾರ ಕಾದು ಮುಚ್ಚಳ ತೆರೆದರೆ ಅಲ್ಲಿ ಕಾಣುವುದು ತಾವು ಹಾಕಿದ ಸಿಪ್ಪೆ, ಕಾಂಡ, ಉಳಿದ ಅನ್ನ ಎಲ್ಲವೂ ಬಹುಮಟ್ಟಿಗೆ ಹಾಕಿದ ಆಕಾರದಲ್ಲೇ, ಬಣ್ಣ ಮಾತ್ರ ಕೊಂಚ ಮಾಸಿ, ಹುಳಿ ವಾಸನೆ ಹಿಡಿದು ಕುಳಿತಿರುವ ದೃಶ್ಯ. ಸಾಧನ ಕೆಲಸ ಮಾಡಲಿಲ್ಲವೆಂದು ತೀರ್ಮಾನಿಸಿ ಅದನ್ನು ಮೂಲೆಗೆ ತಳ್ಳುವವರು ಬಹಳ ಮಂದಿ. ವಾಸ್ತವದಲ್ಲಿ ಅದು ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಮಾರುವವರು ಹೇಳದೆ ಬಿಟ್ಟ ಉಳಿದರ್ಧ ಕೆಲಸವನ್ನು ಮಣ್ಣು ಮಾಡಬೇಕು. ಈ ಒಂದು ಸಂಗತಿಯನ್ನು ಮೊದಲೇ ತಿಳಿದು ಕೊಂಡರೆ, ಅಡುಗೆಮನೆಯ ಹಸಿ ಕಸಕ್ಕೆ ಇದಕ್ಕಿಂತ ಅನುಕೂಲವಾದ ಸಾಧನ ನನ್ನ ಮಟ್ಟಿಗೆ ಮತ್ತೊಂದಿಲ್ಲ.

ಸಾಧನದ ರಚನೆ ತೀರಾ ಸರಳವಾದದ್ದು. ಗಾಳಿಯಾಡದಂತೆ ಬಿಗಿಯಾಗಿ ಕೂರುವ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಬಕೆಟ್ಟು, ಅದರ ತಳಕ್ಕಿಂತ ಸ್ವಲ್ಪ ಮೇಲೆ ಕೂರುವ ತೂತುಗಳ ತಟ್ಟೆ, ತಟ್ಟೆಯ ಕೆಳಗೆ ಇಳಿಯುವ ದ್ರವವನ್ನು ಹೊರಬಿಡಲು ಒಂದು ಪುಟ್ಟ ನಲ್ಲಿ, ಕಸವನ್ನು ಒತ್ತಲು ಒಂದು ಹಲಗೆ, ಜೊತೆಗೆ ಸೂಕ್ಷ್ಮಾಣುಗಳನ್ನು ಸೇರಿಸಿ ಒಣಗಿಸಿದ ತೌಡಿನ ಒಂದು ಚೀಲ. ಹೆಚ್ಚಿನವು ಪಾಲಿಪ್ರೊಪಿಲೀನಿನಿಂದ ತಯಾರಾದವು; ತಳವನ್ನು ತಿರುಗಿಸಿ ನೋಡಿದರೆ ತ್ರಿಕೋನದೊಳಗೆ 5 ಎಂಬ ಅಂಕಿ ಕಾಣುತ್ತದೆ. ಎರಡು ಬಕೆಟ್ಟುಗಳ ಜೋಡಿಯನ್ನೇ ಕೊಳ್ಳುವುದು ಅಗತ್ಯ, ಏಕೆಂದರೆ ತುಂಬಿದ ಬಕೆಟ್ಟನ್ನು ಎರಡು ವಾರ ಮುಚ್ಚಿಡಬೇಕು, ಆ ಅವಧಿಯಲ್ಲಿ ಮನೆಯ ಕಸ ನಿಲ್ಲುವುದಿಲ್ಲ. ಒಂದನ್ನೇ ಕೊಂಡವರು ಬೇಗನೆ ಕಸದ ಚೀಲಕ್ಕೆ ಮರಳುತ್ತಾರೆ.

ಒಳಗೆ ನಡೆಯುವುದು ಕೊಳೆಯುವಿಕೆಯಲ್ಲ, ಹುದುಗುವಿಕೆ. ಗಾಳಿ ಸಿಗದ ಕಡೆ ಬೆಳೆಯಬಲ್ಲ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಮತ್ತು ಯೀಸ್ಟುಗಳು ಕಸದಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಆಮ್ಲವನ್ನು ಬಿಡುತ್ತವೆ. ಹಾಲು ಹೆಪ್ಪುಗಟ್ಟಿ ಮೊಸರಾಗುವಾಗ ದುಡಿಯುವುದೂ ಇದೇ ವರ್ಗದ ಬ್ಯಾಕ್ಟೀರಿಯಾಗಳು. ಆಮ್ಲೀಯತೆಯ ಅಳತೆಯಾದ ಪಿಎಚ್ (ಅದು ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 4ರ ಆಸುಪಾಸಿಗೆ ಇಳಿದ ಮೇಲೆ ದುರ್ನಾತ ಬೀರುವ ಕೊಳೆತದ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬದುಕುವುದು ಕಷ್ಟವಾಗುತ್ತದೆ. ಜಪಾನಿನ ರೈತರು ಬಹುಕಾಲದಿಂದ ತೌಡು, ಮಣ್ಣು ಮುಂತಾದವನ್ನು ಹುದುಗಿಸಿ ಹೊಲಕ್ಕೆ ಹಾಕುತ್ತಿದ್ದರು; ಹಾಗೆ ಹುದುಗಿಸಿದ್ದಕ್ಕೇ ಬೊಕಾಶಿ ಎಂದು ಹೆಸರು. ಓಕಿನಾವಾದ ರ್‍ಯೂಕ್ಯೂ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರಾಗಿದ್ದ ತೆರುವೊ ಹಿಗಾ ಅವರು 1980ರ ದಶಕದಲ್ಲಿ ‘ಇಎಂ’ ಎಂಬ ಹೆಸರಿನ ಸೂಕ್ಷ್ಮಾಣು ಮಿಶ್ರಣವನ್ನು ಪ್ರಚಾರಕ್ಕೆ ತಂದ ಮೇಲೆ ಈ ಪದ್ಧತಿ ಅಡುಗೆಮನೆಯ ಬಕೆಟ್ಟಿನ ರೂಪದಲ್ಲಿ ಬೇರೆ ದೇಶಗಳಿಗೂ ಹರಡಿತು.

ಬಳಕೆಯ ಕ್ರಮ ದಿನಕ್ಕೆ ಕೆಲವೇ ನಿಮಿಷದ್ದು. ಮುಸುರೆಯ ನೀರನ್ನು ಚೆನ್ನಾಗಿ ಬಸಿದು, ದೊಡ್ಡ ಚೂರುಗಳನ್ನು ಕತ್ತರಿಸಿ, ಬಕೆಟ್ಟಿಗೆ ಹರಡಿ, ಮೇಲೆ ಒಂದು ಹಿಡಿ ತೌಡನ್ನು ಉದುರಿಸಿ, ಹಲಗೆಯಿಂದ ಗಟ್ಟಿಯಾಗಿ ಒತ್ತಿ ಮುಚ್ಚಳ ಹಾಕಬೇಕು. ಈ ಒತ್ತುವ ಕೆಲಸವನ್ನು ಕಡೆಗಣಿಸುವಂತಿಲ್ಲ. ಚೂರುಗಳ ನಡುವೆ ಉಳಿದ ಗಾಳಿಯೇ ಕಪ್ಪು ಮತ್ತು ಹಸಿರು ಬೂಷ್ಟಿಗೆ ಆಸರೆಯಾಗುತ್ತದೆ. ಅದೇ ಕಾರಣಕ್ಕೆ ದಿನಕ್ಕೆ ಹತ್ತು ಬಾರಿ ಮುಚ್ಚಳ ತೆಗೆಯುವ ಬದಲು, ದಿನದ ಕಸವನ್ನು ಒಂದು ಸಣ್ಣ ಡಬ್ಬಿಯಲ್ಲಿ ಕೂಡಿಟ್ಟು ರಾತ್ರಿ ಒಮ್ಮೆಗೆ ಹಾಕುವುದು ಒಳ್ಳೆಯದು. ಕೆಲವು ದಿನಗಳಾದ ಮೇಲೆ ಮೇಲ್ಪದರದಲ್ಲಿ ಹತ್ತಿಯ ನಾರಿನಂಥ ಬಿಳಿ ಬೂಷ್ಟು ಅಲ್ಲಲ್ಲಿ ಹಬ್ಬುತ್ತದೆ. ನೋಡಿದವರು ಹೆದರುವುದುಂಟು, ಆದರೆ ಅದು ಹುದುಗುವಿಕೆ ಸರಿಯಾಗಿ ಸಾಗುತ್ತಿರುವುದರ ಗುರುತು. ವಾಸನೆಯೂ ಇರುವುದಿಲ್ಲವೆಂದಲ್ಲ, ಮುಚ್ಚಳ ತೆರೆದ ಕ್ಷಣ ವಿನೆಗರಿನ ಚುರುಕಾದ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ಮುಚ್ಚಿದೊಡನೆ ಅಡಗುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ ಮಾತ್ರ ಎಲ್ಲೋ ಗಾಳಿ ಸೇರಿದೆ, ಇಲ್ಲವೇ ನೀರು ನಿಂತಿದೆ, ಇಲ್ಲವೇ ತೌಡು ಸಾಲದಾಗಿದೆ ಎಂದು ತಿಳಿಯಬೇಕು.

ಇದರ ದೊಡ್ಡ ಗುಣವೆಂದರೆ, ಸಾಮಾನ್ಯ ಗೊಬ್ಬರದ ಗುಂಡಿಗೆ ಹಾಕಬೇಡಿ ಎಂದು ಎಲ್ಲರೂ ಹೇಳುವ ಪದಾರ್ಥಗಳನ್ನೂ ಇದು ಸ್ವೀಕರಿಸುತ್ತದೆ. ಬೇಯಿಸಿದ ಅಡುಗೆಯ ಉಳಿಕೆ, ಮಾಂಸದ ಚೂರು, ಮೀನಿನ ಮುಳ್ಳು, ಗಿಣ್ಣು, ನಿಂಬೆ ಕಿತ್ತಳೆಗಳ ಸಿಪ್ಪೆ, ಈರುಳ್ಳಿ, ಇವುಗಳನ್ನು ತೆರೆದ ಗುಂಡಿಗೆ ಹಾಕಿದರೆ ಇಲಿ ನೊಣಗಳು ಮುತ್ತುತ್ತವೆ, ಎರೆಹುಳುವಿನ ಪೆಟ್ಟಿಗೆಗೆ ಹಾಕಿದರೆ ಹುಳುಗಳು ಸಂಕಟಪಡುತ್ತವೆ. ಮುಚ್ಚಿದ ಬಕೆಟ್ಟಿನಲ್ಲಿ ಈ ತೊಂದರೆ ಇಲ್ಲ. ದಪ್ಪ ಮೂಳೆಗಳು ಹುದುಗುವುದಿಲ್ಲ, ಸಾರು ಎಣ್ಣೆಗಳಂಥ ದ್ರವ ಪದಾರ್ಥಗಳು ಹುದುಗನ್ನು ಕೆಡಿಸುತ್ತವೆ, ಈಗಾಗಲೇ ಹಸಿರು ಬೂಷ್ಟು ಹಿಡಿದದ್ದನ್ನು ಸೇರಿಸಬಾರದು. ಇಷ್ಟನ್ನು ಬಿಟ್ಟರೆ ಮನೆಯ ಹಸಿ ಕಸವೆಲ್ಲ ಒಂದೇ ಕಡೆ ಹೋಗುತ್ತದೆ. ಇದು ಬೇಕು, ಅದು ಬೇಡ ಎಂದು ಪ್ರತಿ ಬಾರಿ ಯೋಚಿಸಬೇಕಾದ ವ್ಯವಸ್ಥೆ ಯಾವ ಮನೆಯಲ್ಲೂ ಬಹಳ ದಿನ ನಡೆಯುವುದಿಲ್ಲವಾದ್ದರಿಂದ, ಈ ಗುಣಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ಇನ್ನು ದೋಷಗಳ ವಿಚಾರ. ಬಕೆಟ್ಟಿನ ಜೀವಾಳ ಅದರ ನಲ್ಲಿಯಲ್ಲೂ ಮುಚ್ಚಳದ ರಬ್ಬರ್ ಉಂಗುರದಲ್ಲೂ ಇದೆ, ಮತ್ತು ತಯಾರಕರು ಉಳಿತಾಯ ಮಾಡುವುದೂ ಅಲ್ಲಿಯೇ. ನಾನು ಬಳಸುವ ಜೋಡಿಯಲ್ಲಿ ಒಂದರ ನಲ್ಲಿ ಮೊದಲಿನಿಂದಲೂ ಬುಡದಲ್ಲಿ ಜಿನುಗುತ್ತಿತ್ತು. ಒಳಗಿನ ವಾಷರು ತೆಳ್ಳಗಿದ್ದು, ತಿರುಪು ಬಿಗಿ ಮಾಡಿದಷ್ಟೂ ಒಂದು ಬದಿಗೆ ಜಾರುತ್ತಿತ್ತು. ದಪ್ಪ ಸಿಲಿಕೋನ್ ವಾಷರು ಹಾಕಿದ ಮೇಲೆ ಸರಿಹೋಯಿತು, ಆದರೆ ಹೊಸ ವಸ್ತುವಿಗೆ ಕೊಂಡವರೇ ರಿಪೇರಿ ಮಾಡಿಕೊಳ್ಳಬೇಕಾದದ್ದು ಸರಿಯಲ್ಲ. ಮತ್ತೊಂದು ಕೊರತೆ ನಲ್ಲಿಯ ಜಾಗಕ್ಕೆ ಸಂಬಂಧಿಸಿದ್ದು. ಅದು ತಳಕ್ಕಿಂತ ಮೇಲಿದ್ದರೆ ಅಷ್ಟು ದ್ರವ ಒಳಗೇ ನಿಂತು ನಾರಲು ತೊಡಗುತ್ತದೆ. ತಳ ನಲ್ಲಿಯ ಕಡೆಗೆ ತುಸು ಇಳಿಜಾರಾಗಿರುವ ಮಾದರಿಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಇಳಿಜಾರಿಲ್ಲದ ಬಕೆಟ್ಟನ್ನು ಒಂದು ಹಲಗೆಯ ತುಂಡಿನ ಮೇಲೆ ಓರೆಯಾಗಿ ಇಟ್ಟು ಎರಡು ಮೂರು ದಿನಕ್ಕೊಮ್ಮೆ ಬಸಿಯಬೇಕು.

ಬಸಿದ ದ್ರವದ ಬಗ್ಗೆ ಪ್ರಚಾರ ಅತಿಯಾಗಿದೆ. ಅದು ಆಮ್ಲೀಯವಾದದ್ದು, ಅದರಲ್ಲಿ ಪೋಷಕಾಂಶ ಎಷ್ಟಿದೆ ಎಂಬುದು ಏನು ಹಾಕಿದ್ದೇವೆ ಎನ್ನುವುದರ ಮೇಲೆ ನಿಂತಿದೆ, ಉಪ್ಪಿರುವ ಅಡುಗೆಯ ಉಳಿಕೆ ಹೆಚ್ಚಾಗಿದ್ದರೆ ಉಪ್ಪೂ ಇಳಿದಿರುತ್ತದೆ. ನೂರು ಪಾಲು ನೀರಿಗೆ ಒಂದು ಪಾಲಿನಂತೆ ತೆಳುಮಾಡಿ, ಎಲೆಗೆ ತಾಗದಂತೆ ಗಿಡದ ಬುಡದ ಮಣ್ಣಿಗೆ ಅದೇ ದಿನ ಹಾಕುವುದಾದರೆ ಅಡ್ಡಿಯಿಲ್ಲ. ಬಾಟಲಿಯಲ್ಲಿ ತುಂಬಿಟ್ಟರೆ ಕೆಡುತ್ತದೆ. ಇದನ್ನೇ ದ್ರವ ಗೊಬ್ಬರವೆಂದು ಕರೆದು, ಬಕೆಟ್ಟು ಕೊಳ್ಳಲು ಒಂದು ಮುಖ್ಯ ಕಾರಣವೆಂಬಂತೆ ತೋರಿಸುವುದನ್ನು ನಾನು ಒಪ್ಪುವುದಿಲ್ಲ.

ಈಗ ಪೆಟ್ಟಿಗೆಯ ಮೇಲೆ ಬರೆಯದ ಉಳಿದರ್ಧದ ಮಾತು. ಹುದುಗಿದ ಕಸವನ್ನು ಮಣ್ಣಿಗೆ ಸೇರಿಸಿ ಮುಚ್ಚಬೇಕು. ಆಗ ಮಣ್ಣಿನ ಜೀವಿಗಳು ಅದನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಗುರುತು ಸಿಗದಂತೆ ಕರಗಿಸುತ್ತವೆ. ಹುದುಗುವಾಗ ಅಂಗಾಂಶಗಳು ಸಡಿಲಗೊಂಡಿರುವುದರಿಂದ ಹಸಿಯಾಗಿ ಹೂಳಿದ ಕಸಕ್ಕಿಂತ ಇದು ಬೇಗ ಮಣ್ಣಾಗುತ್ತದೆ. ಹಿತ್ತಲು ಅಥವಾ ತೋಟವಿದ್ದವರಿಗೆ ಇದು ಸುಲಭ: ಗಿಡದ ಬೇರಿನಿಂದ ದೂರದಲ್ಲಿ ಒಂದು ಕಾಲುವೆ ತೋಡಿ, ಸುರಿದು, ಮಣ್ಣಿನೊಡನೆ ಕಲಸಿ, ಮೇಲೆ ಗೇಣುದ್ದ ಮಣ್ಣು ಮುಚ್ಚಿದರಾಯಿತು. ಆಮ್ಲ ಇಳಿಯುವವರೆಗೆ, ಅಂದರೆ ಕನಿಷ್ಠ ಎರಡು ವಾರ, ಅಲ್ಲಿ ಗಿಡ ನೆಡಬಾರದು, ಏಕೆಂದರೆ ಎಳೆಯ ಬೇರುಗಳು ಸುಡುತ್ತವೆ. ಬಾಲ್ಕನಿ ಮಾತ್ರ ಇರುವವರು ಒಂದು ದೊಡ್ಡ ಟಬ್ಬಿನಲ್ಲಿ ಹಳೆಯ ಕುಂಡಗಳ ಮಣ್ಣನ್ನೂ ಹುದುಗಿದ ಕಸವನ್ನೂ ಪದರ ಪದರವಾಗಿ ಹಾಕಿ ಕಲಸಿ, ಮೇಲೆ ದಪ್ಪನೆಯ ಮಣ್ಣಿನ ಹೊದಿಕೆ ಕೊಟ್ಟು ಇಡಬಹುದು. ನಾನು ಅನುಸರಿಸುವುದು ಈ ಟಬ್ಬಿನ ಕ್ರಮವನ್ನೇ. ಒಂದು ವಾರ ಕಳೆದು ಕೈಯಿಂದ ಕೆದಕಿದರೆ ಮಣ್ಣು ಬೆಚ್ಚಗಿದ್ದು, ಸಿಪ್ಪೆಗಳು ಬೆರಳಿಗೆ ಸಿಕ್ಕೊಡನೆ ಹಿಸುಕಿ ಹೋಗುತ್ತವೆ. ಇನ್ನೂ ಕೆಲವು ವಾರಕ್ಕೆ ಮೊಟ್ಟೆಯ ಚಿಪ್ಪು ಮತ್ತು ಗಟ್ಟಿ ಬೀಜಗಳನ್ನು ಬಿಟ್ಟು ಬೇರೇನೂ ಕಾಣದೆ, ಹುಳಿಯ ವಾಸನೆ ಹೋಗಿ ಮಳೆ ಬಿದ್ದ ನೆಲದ ವಾಸನೆ ಬಂದಿರುತ್ತದೆ. ಸತ್ತಂತಿದ್ದ ಹಳೆಯ ಕುಂಡದ ಮಣ್ಣು ಹೀಗೆ ಮರಳಿ ಕಪ್ಪಾಗುವುದನ್ನು ನೋಡುವುದು ಈ ಸಾಧನ ಕೊಡುವ ನಿಜವಾದ ಸಂತೋಷ.

ಆದರೆ ಮಣ್ಣೇ ಇಲ್ಲದವರಿಗೆ, ಕೊಡಲು ನೆರೆಯಲ್ಲಿ ತೋಟವೂ ಇಲ್ಲದವರಿಗೆ, ಇದನ್ನು ಕೊಳ್ಳಿರೆಂದು ಹೇಳಲಾರೆ. ಹುದುಗಿದ ಕಸದ ತೂಕ ಹೆಚ್ಚೇನೂ ಇಳಿದಿರುವುದಿಲ್ಲ. ತೆರೆದ ಗುಂಡಿಯಲ್ಲಿ ಗೊಬ್ಬರವಾಗುವಾಗ ಇಂಗಾಲದ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, ರಾಶಿ ಕುಗ್ಗುತ್ತದೆ. ಇಲ್ಲಿ ಅದು ಬಹುತೇಕ ಉಳಿಯುತ್ತದೆ. ಮಣ್ಣಿಗೆ ಅದು ಲಾಭವಾದರೂ, ಜಾಗವಿಲ್ಲದ ಮನೆಗೆ ತುಂಬಿದ ಬಕೆಟ್ಟುಗಳ ಚಿಂತೆ ಮಾತ್ರ ಉಳಿಯುತ್ತದೆ. ಹಾಗೆಂದು ವಿದ್ಯುತ್ತಿನಿಂದ ಕಸವನ್ನು ಬಿಸಿಮಾಡಿ ಪುಡಿಮಾಡುವ ಯಂತ್ರಗಳತ್ತ ಹೊರಳಬೇಕೆಂದೂ ಅಲ್ಲ. ಅವುಗಳಲ್ಲಿ ಹಲವು ಕೊಡುವುದು ಒಣಗಿದ ಕಸದ ಪುಡಿಯನ್ನೇ ಹೊರತು ಗೊಬ್ಬರವನ್ನಲ್ಲ. ನೀರು ಸೋಕಿದರೆ ಅದೂ ಮತ್ತೆ ಬೂಷ್ಟು ಹಿಡಿಯುತ್ತದೆ, ಅದಕ್ಕೂ ಕೊನೆಗೆ ಮಣ್ಣೇ ಬೇಕು.

ತೌಡಿನ ಖರ್ಚು ನಿರಂತರವಾದದ್ದು, ಕೊಳ್ಳುವಾಗ ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ತಯಾರಕರು ತಮ್ಮದೇ ತೌಡನ್ನು ಮಾತ್ರ ಬಳಸಿರೆಂದು ಒತ್ತಾಯಿಸುತ್ತಾರೆ, ಅದರಲ್ಲಿರುವ ವಿಶೇಷ ಸೂಕ್ಷ್ಮಾಣುಗಳು ಮಣ್ಣನ್ನೇ ಬದಲಿಸುತ್ತವೆಂದೂ ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಾಲ್ಕು ವರ್ಷ ನಡೆದು 2010ರಲ್ಲಿ ಪ್ರಕಟವಾದ ಹೊಲದ ಪ್ರಯೋಗವೊಂದರಲ್ಲಿ, ಬೆಳೆಯ ಮೇಲೆ ಕಂಡ ಪರಿಣಾಮಕ್ಕೆ ಕಾರಣ ಬೊಕಾಶಿಯಲ್ಲಿದ್ದ ಪೋಷಕಾಂಶವೇ ಹೊರತು ಇಎಂ ಸೂಕ್ಷ್ಮಾಣುಗಳಲ್ಲ ಎಂದು ಕಂಡುಬಂತು. ಬಕೆಟ್ಟಿನೊಳಗೆ ಹುದುಗು ಬರಲು ಆ ಬ್ಯಾಕ್ಟೀರಿಯಾಗಳು ಬೇಕು, ನಿಜ. ಆದರೆ ಅವು ಯಾವ ಕಂಪನಿಯ ಸ್ವತ್ತೂ ಅಲ್ಲ. ಗೋಧಿಯ ತೌಡಿಗೆ ಕಾಕಂಬಿ ಕರಗಿಸಿದ ನೀರನ್ನೂ ಈ ಬ್ಯಾಕ್ಟೀರಿಯಾಗಳಿರುವ ಹುದುಗಿನ ದ್ರಾವಣವನ್ನೂ ಸೇರಿಸಿ, ಹಿಂಡಿದರೆ ಉಂಡೆಯಾಗುವಷ್ಟು ಮಾತ್ರ ತೇವ ಇರಿಸಿ, ಗಾಳಿಯಾಡದ ಚೀಲದಲ್ಲಿ ಎರಡು ವಾರ ಮುಚ್ಚಿಟ್ಟು, ಅನಂತರ ನೆರಳಿನಲ್ಲಿ ಒಣಗಿಸಿದರೆ ಮನೆಯಲ್ಲೇ ತಿಂಗಳುಗಟ್ಟಲೆ ಸಾಲುವಷ್ಟು ತೌಡು ಸಿದ್ಧವಾಗುತ್ತದೆ.

ಒಂದು ಉಪಕಾರವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಹಸಿ ಕಸ ಪೂರ್ತಿಯಾಗಿ ಬೇರೆಯಾದ ಮೇಲೆ ಮನೆಯ ಒಣ ಕಸ ಒಣಗಿಯೇ ಉಳಿಯುತ್ತದೆ. ಎಣ್ಣೆ, ಸಾರು ಮೆತ್ತಿದ ಕಾಗದ ಮತ್ತು ರಟ್ಟು ಮರುಬಳಕೆಗೆ ಹೋಗುವುದು ಕಷ್ಟ. ಅದೇ ಕಾಗದ ಶುಚಿಯಾಗಿದ್ದರೆ ವಿಂಗಡಿಸುವವರ ಕೈಗೂ ಹಿತ, ಅದಕ್ಕೆ ಬೆಲೆಯೂ ಇದೆ. ಜೊತೆಗೆ, ತಾನು ಎಸೆದದ್ದನ್ನು ತಾನೇ ಕತ್ತರಿಸಿ ಒತ್ತಬೇಕಾದ್ದರಿಂದ, ಮುಟ್ಟದೆಯೇ ಹೋದ ಅಡುಗೆ ಎಷ್ಟೆಂಬುದು ಕಣ್ಣಿಗೆ ಕಟ್ಟುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇಕಡಾ 60ರಷ್ಟು ಮನೆಗಳದ್ದೇ. ತಲೆಗೆ ವರ್ಷಕ್ಕೆ 79 ಕಿಲೋ. ಇದು ಕಸದ ಬೆಟ್ಟಗಳಲ್ಲಿ ಗಾಳಿಯಿಲ್ಲದೆ ಕೊಳೆತಾಗ ಹೊಮ್ಮುವ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಲವಾಗಿ ಭೂಮಿಯನ್ನು ಬಿಸಿಮಾಡುತ್ತದೆ. ನಮ್ಮ ಮನೆಯಲ್ಲಿ ಬಕೆಟ್ಟು ಬಂದ ಮೇಲೆ ಅಡುಗೆಯ ಅಳತೆಯೇ ಬದಲಾಗಿದೆ. ಬಕೆಟ್ಟು ತುಂಬಲು ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತಿರುವುದನ್ನು ನಾನು ಅದರ ಗುಣವೆಂದೇ ಎಣಿಸುತ್ತೇನೆ.

ಕೊಳ್ಳಲು ನಿರ್ಧರಿಸಿದವರು ಬಣ್ಣ, ವಿನ್ಯಾಸಗಳಿಗೆ ಮನಸೋಲದೆ ಮೊದಲು ಮುಚ್ಚಳವನ್ನು ಪರೀಕ್ಷಿಸಲಿ: ಮುಚ್ಚಿದ ಮೇಲೆ ನಡುವೆ ಒತ್ತಿದರೆ ಅಂಚಿನಿಂದ ಗಾಳಿ ಹೊರಬರಬಾರದು. ಬಕೆಟ್ಟಿಗೆ ನೀರು ತುಂಬಿ ಒಂದು ರಾತ್ರಿ ಕಾಗದದ ಮೇಲಿಟ್ಟು ನಲ್ಲಿಯ ಬುಡ ಜಿನುಗುವುದೇ ಎಂದು ನೋಡಿ, ಆಮೇಲೆ ಕಸ ಹಾಕಲು ಆರಂಭಿಸಲಿ. ಹಾಗೆ ಮಾಡಿದರೆ ಹಿಂದಿರುಗಿಸುವ ಅವಕಾಶ ಉಳಿದಿರುತ್ತದೆ. ಇಷ್ಟೆಲ್ಲ ಬೇಡವೆನಿಸಿದವರು, ಒಂದರೊಳಗೊಂದು ಕೂರುವ ಎರಡು ಹಳೆಯ ಬಕೆಟ್ಟುಗಳನ್ನು ತೆಗೆದುಕೊಂಡು, ಒಳಗಿನದರ ತಳಕ್ಕೆ ತೂತುಗಳನ್ನು ಕೊರೆದು, ಬಿಗಿಯಾದ ಮುಚ್ಚಳ ಹೊಂದಿಸಿಕೊಂಡರೂ ಕೆಲಸ ನಡೆಯುತ್ತದೆ. ದ್ರವ ಬಸಿಯಲು ಒಳಗಿನ ಬಕೆಟ್ಟನ್ನು ಎತ್ತಬೇಕು ಎಂಬುದೊಂದೇ ಅದರ ಅನನುಕೂಲ. ಮಾರುಕಟ್ಟೆಯ ಬಕೆಟ್ಟನ್ನೇ ಕೊಳ್ಳುವುದಾದರೆ ನಲ್ಲಿ, ವಾಷರು, ರಬ್ಬರ್ ಉಂಗುರ ಈ ಮೂರೂ ಬಿಡಿಯಾಗಿ ಸಿಗುವ ಮಾದರಿಯನ್ನೇ ಆರಿಸಬೇಕು. ಅವು ಸಿಗದಿದ್ದರೆ, ಒಂದು ವಾಷರು ಸವೆದ ದಿನ ಗಟ್ಟಿಮುಟ್ಟಾದ ಇಡೀ ಬಕೆಟ್ಟೇ ಕಸವಾಗುತ್ತದೆ.