ಗಡಿಯಾಚೆಯ ಐಸಿಯುವಿನಲ್ಲಿ ಹದಿನೇಳು ದಿನ

ನ್ಯುಮೋನಿಯಾ ಉಲ್ಬಣಿಸಿದಾಗ ಅಪ್ಪನನ್ನು ಬದಿಯಡ್ಕದಿಂದ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿಸಿ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಕಾಸರಗೋಡಿನವರಿಗೆ ಇದು ರೂಢಿಯ ದಾರಿ. ಅಲ್ಲಿನ ಐಸಿಯುವಿನ ಯಂತ್ರೋಪಕರಣಗಳ ಬಗ್ಗೆಯಾಗಲಿ, ಬಿಲ್ಲಿನ ಬಗ್ಗೆಯಾಗಲಿ ನನಗೆ ದೂರಿಲ್ಲ.

ವೆಂಟಿಲೇಟರ್ ಅಳವಡಿಸಿದ ಏಳನೆಯ ದಿನ ಇಳಿದಿದ್ದ ಜ್ವರ ಮತ್ತೆ ಏರಿತು. ಶ್ವಾಸನಾಳದಿಂದ ತೆಗೆದ ಕಫದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿ ಬರಲು ಮೂರು ದಿನ ಹಿಡಿಯಿತು. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ, ಮೆರೋಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ ಸೇರಿ ಹೆಚ್ಚಿನ ಔಷಧಗಳ ಮುಂದೆ 'ಆರ್' ಎಂಬ ಅಕ್ಷರ. ಆ ಅಕ್ಷರವಿದ್ದರೆ ಔಷಧ ನಾಟುವುದಿಲ್ಲ ಎಂದು ತಿಳಿಸಿದವರು ವೈದ್ಯರಲ್ಲ, ರಾತ್ರಿ ಪಾಳಿಯ ನರ್ಸ್. ಕೊನೆಗೆ ಕೊಟ್ಟದ್ದು ಕೊಲಿಸ್ಟಿನ್. 1950ರ ದಶಕದಲ್ಲಿ ಬಳಕೆಗೆ ಬಂದು, ಮೂತ್ರಪಿಂಡಕ್ಕೆ ಹಾನಿಕರವೆಂದು ಬಹುಕಾಲ ಬದಿಗಿರಿಸಿದ್ದ ಈ ಹಳೆಯ ಔಷಧವನ್ನು, ಬೇರೆ ದಾರಿ ಉಳಿಯದೆ ಈಗ ಮತ್ತೆ ಹೊರತೆಗೆಯಲಾಗಿದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ, ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣವನ್ನು ದಿನವೂ ನೋಡಿ ಔಷಧದ ಅಳತೆ ತಿದ್ದುತ್ತಿದ್ದ ಶ್ರದ್ಧೆಯನ್ನು ಮೆಚ್ಚಲೇಬೇಕು.

ಆ ಬ್ಯಾಕ್ಟೀರಿಯಾ ಅಲ್ಲಿಯೇ ಅಂಟಿತೆಂದು ನಾನು ಸಾಧಿಸಲಾರೆ. ಅದು ರೋಗಿಯ ಕರುಳಿನಿಂದಲೂ ಬರಬಹುದು. ಸಾಲದ್ದಕ್ಕೆ, ಹಿಂದಿನ ವರ್ಷದ ಜ್ವರಕ್ಕೆ ತಂದು ಅರ್ಧ ಉಳಿಸಿದ್ದ ಅಜಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆಗಳನ್ನು ಯಾರನ್ನೂ ಕೇಳದೆ ಅಪ್ಪನಿಗೆ ಕೊಟ್ಟವರು ನಾವೇ; ಔಷಧ ನಾಟದ ಬ್ಯಾಕ್ಟೀರಿಯಾ ಬೆಳೆಯಲು ಇದೂ ಒಂದು ದಾರಿ. (2024ರಲ್ಲಿ ಕೇರಳ ಆರಂಭಿಸಿದ 'ಆಪರೇಷನ್ ಅಮೃತ್'ನಿಂದಾಗಿ ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಔಷಧದಂಗಡಿಗಳ ಮೇಲೆ ಕಣ್ಣಿದೆ, ಮನೆಯ ಕಪಾಟಿನ ಮೇಲೆ ಯಾರ ಕಣ್ಣಿದೆ?) ಆದರೆ ಔಷಧವನ್ನು ಮುರಿಯುವ ಕಿಣ್ವದ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು, ಆ ಬ್ಯಾಕ್ಟೀರಿಯಾ ಕೈಗಳ ಮೂಲಕ ಹಾಸಿಗೆಯಿಂದ ಹಾಸಿಗೆಗೆ ದಾಟಬಲ್ಲದು ಎಂದಮೇಲೆ, ಐಸಿಯುವನ್ನು ಅಳೆಯಬೇಕಾದದ್ದು ಕೈತೊಳೆತದಿಂದಲೇ. ಭೇಟಿಗೆ ಹೋದವರ ಚಪ್ಪಲಿ ಕಳಚಿಸುವಲ್ಲಿ ಕಾವಲುಗಾರನಿಗಿದ್ದ ಶಿಸ್ತು ಕೈ ಶುಚಿಗೊಳಿಸುವಲ್ಲಿ ಯಾರಿಗೂ ಇರಲಿಲ್ಲ. ಹಾಸಿಗೆಯ ಬುಡದ ಹ್ಯಾಂಡ್‌ರಬ್ ಬಾಟಲಿ ಎರಡು ದಿನ ಖಾಲಿಯಿತ್ತು. ವರದಿ ಬಂದ ಮೇಲಷ್ಟೇ ಅಪ್ಪನನ್ನು ಮೂಲೆಯ ಪ್ರತ್ಯೇಕ ಕೋಣೆಗೆ ಸ್ಥಳಾಂತರಿಸಿ, ಬೇರೆಯೇ ಸ್ಟೆತಸ್ಕೋಪ್ ಇರಿಸಿದರು.

ಚಿಕಿತ್ಸೆಗೆ ಐದರಲ್ಲಿ ನಾಲ್ಕು ಅಂಕ, ಸೋಂಕು ತಡೆಗೆ ಎರಡು. ಅಪ್ಪ ನಡೆದುಕೊಂಡೇ ಹೊರಬಂದರು. ಬಿಡುಗಡೆ ಪತ್ರದಲ್ಲಿ ಮಾತ್ರ ಬ್ಯಾಕ್ಟೀರಿಯಾದ ಹೆಸರೇ ಇರಲಿಲ್ಲ. ಅದು ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದಾದ್ದರಿಂದ, ನಾಳೆ ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಹೋಗಬೇಕಾಗಿ ಬಂದರೂ ತೋರಿಸಲು ಇರಲೆಂದು, ಕಲ್ಚರ್ ವರದಿಯ ಪ್ರತಿಯನ್ನು ಕೇಳಿ ಪಡೆದುಕೊಂಡೆವು.