ಕ್ಲ್ಯಾಂಪ್ ಮೀಟರ್ ಹಿಡಿದು 'ಪವರ್ ಸೇವರ್' ಮಾರಲು ಬಂದರೆ ಸ್ವಲ್ಪ ತಡೀರಿ

ಬಾಡಿಗೆ ಅಂಗಡಿ ಇಟ್ಟವರು, ಕಟ್ಟಡದ ಓನರ್‌ಗಳು ಇಬ್ಬರೂ ಓದಿ. ಹುಬ್ಬಳ್ಳಿಯ ನಮ್ಮ ಸಣ್ಣ ಕಾಂಪ್ಲೆಕ್ಸ್‌ಗೆ ಒಂದೇ ಮೀಟರ್, ಅಂಗಡಿಗಳಿಗೆ ಸಬ್ ಮೀಟರ್. ಬೇಸಿಗೆಯಲ್ಲಿ ಒಂದು ಕಂಪನಿಯವರು ಬಂದರು. ಮೇನ್ ಬೋರ್ಡಿಗೆ ಒಂದು ಡಬ್ಬಿ ಕೂರಿಸಿದರೆ ಬಿಲ್ 30 ಪರ್ಸೆಂಟ್ ಇಳಿಯುತ್ತದಂತೆ, ಮುಂಗಡ ಬೇಡವಂತೆ, ಉಳಿದ ದುಡ್ಡಲ್ಲಿ ಅರ್ಧ ಮೂರು ವರ್ಷ ಅವರಿಗೆ ಕೊಟ್ಟರೆ ಸಾಕಂತೆ. ಓನರ್ ಸಹಿ ಹಾಕಿದರು. ಕಂತು ಮಾತ್ರ ಮೇಂಟೆನೆನ್ಸ್ ಹೆಸರಲ್ಲಿ ನಮ್ಮ ತಲೆಗೆ ಬಂತು.

ಅವರ ಡೆಮೊ ನೋಡಬೇಕಿತ್ತು. ಬೋರ್‌ವೆಲ್ ಮೋಟರ್ ಓಡುವಾಗ ವೈರಿಗೆ ಕ್ಲ್ಯಾಂಪ್ ಮೀಟರ್ (ವೈರಿನಲ್ಲಿ ಹರಿಯುವ ಕರೆಂಟ್ ಅಳೆಯುವ ಇಕ್ಕಳದಂಥ ಮೀಟರ್) ಹಾಕಿ ಡಬ್ಬಿ ಆನ್ ಮಾಡಿದರು, ಆಂಪಿಯರ್ ಸರ್ರನೆ ಇಳಿಯಿತು. ಅದು ಸುಳ್ಳಲ್ಲ, ಆದರೆ ಅದಕ್ಕೂ ಬಿಲ್ಲಿಗೂ ಸಂಬಂಧವಿಲ್ಲ. ಡಬ್ಬಿಯೊಳಗೆ ಇರುವುದು ಬರೀ ಕೆಪಾಸಿಟರ್. ಮೋಟರಿಗೆ ಬೇಕಾದ ರಿಯಾಕ್ಟಿವ್ ಕರೆಂಟನ್ನು, ಅಂದರೆ ಕೆಲಸಕ್ಕೆ ಖರ್ಚಾಗದೆ ಬರೀ ಹೋಗಿಬರುವ ಕರೆಂಟನ್ನು, ಅದು ಪಕ್ಕದಲ್ಲೇ ಒದಗಿಸುತ್ತದೆ, ಹಾಗಾಗಿ ಹೊರಗಿನಿಂದ ಬರುವ ಆಂಪಿಯರ್ ಕಡಿಮೆಯಾಗುತ್ತದೆ. ನಾವು ದುಡ್ಡು ಕಟ್ಟುವುದು ಯೂನಿಟ್ಟಿಗೆ. ಮೋಟರ್ ಮೊದಲಿನಷ್ಟೇ ನೀರೆತ್ತುತ್ತದೆ, ಹೆಚ್ಚುಕಮ್ಮಿ ಮೊದಲಿನಷ್ಟೇ ಯೂನಿಟ್ ತಿನ್ನುತ್ತದೆ. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ (ಇಂಥ ಹೋಗಿಬರುವ ಕರೆಂಟ್ ಜಾಸ್ತಿ ಎಳೆದದ್ದಕ್ಕೆ ಹಾಕುವ ದಂಡ) ಬೀಳುತ್ತಿದ್ದರೆ ಕೆಪಾಸಿಟರ್ ಕೆಲಸಕ್ಕೆ ಬರುತ್ತದೆ, ಅದು ಬೇರೆ ಮಾತು. ನಮ್ಮ ಬಿಲ್ಲಿನಲ್ಲಿ ಆ ಸಾಲೇ ಇರಲಿಲ್ಲ.

ಇದಕ್ಕಿಂತ ದೊಡ್ಡ ಚಾಲಾಕಿ ಅಗ್ರಿಮೆಂಟಿನಲ್ಲಿತ್ತು. 'ಹಳೆಯ ಬಳಕೆ' ಅಂತ ಹಿಡಿದದ್ದು ಏಪ್ರಿಲ್, ಮೇ ಬಿಲ್. ಆಗ ಎಸಿಗಳು ದಿನವಿಡೀ ಓಡುತ್ತವೆ, ಜುಲೈನಲ್ಲಿ ಮಳೆ ಹಿಡಿದ ಮೇಲೆ ಯಾರು ಎಸಿ ಹಾಕುತ್ತಾರೆ? ಬಿಲ್ ಇಳಿಸಿದ್ದು ಮಳೆರಾಯ, ಪಾಲು ತಗೊಂಡದ್ದು ಕಂಪನಿ! ಹಿಂದಿನ ವರ್ಷದ ಜುಲೈ ಬಿಲ್ ಪಕ್ಕದಲ್ಲಿಟ್ಟು ನೋಡಿದರೆ ಯೂನಿಟ್ ಸರಿಸುಮಾರು ಅಷ್ಟೇ. ಕೇಳಿದ್ದಕ್ಕೆ ಅಗ್ರಿಮೆಂಟ್ ತೋರಿಸಿದರು.

ನಿಮ್ಮಲ್ಲಿಗೂ ಬಂದರೆ ಕ್ಲ್ಯಾಂಪ್ ಮೀಟರ್ ಪಕ್ಕಕ್ಕಿಡಿಸಿ. ಉಳಿದದ್ದೆಲ್ಲ ಆಫ್ ಮಾಡಿ ಮೋಟರ್ ಒಂದನ್ನೇ ಓಡಿಸಿ, ಕರೆಂಟ್ ಮೀಟರಿನ ಕೆಂಪು ದೀಪ ಹತ್ತು ನಿಮಿಷಕ್ಕೆ ಎಷ್ಟು ಸಲ ಮಿಣುಕುತ್ತದೆ ಎಣಿಸಿ. ಆಮೇಲೆ ಡಬ್ಬಿ ಹಾಕಿ ಮತ್ತೆ ಎಣಿಸಿ. ಆ ದೀಪ ಮಿಣುಕುವುದು ಯೂನಿಟ್ ಲೆಕ್ಕಕ್ಕೆ, ಎಣಿಕೆ ಅಷ್ಟೇ ಬಂದರೆ ಉಳಿತಾಯ ಇಲ್ಲ ಅಂತಲೇ ಅರ್ಥ. ಸಹಿ ಹಾಕುವುದಾದರೆ ಹೋಲಿಕೆ ಹಿಂದಿನ ವರ್ಷದ ಅದೇ ತಿಂಗಳ ಜೊತೆ ಇರಲಿ, ಅದೂ ಯೂನಿಟ್ಟಿನಲ್ಲಿ, ರೂಪಾಯಿಯಲ್ಲಿ ಬೇಡ.

ಅದೇ ದುಡ್ಡಿಗೆ 75 ವ್ಯಾಟಿನ ಹಳೇ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರಿನ ಫ್ಯಾನ್) ಹಾಕಿಸಿದ್ದರೆ, ದಿನಕ್ಕೆ 10 ಗಂಟೆ ತಿರುಗಿದರೂ ಒಂದೊಂದು ಫ್ಯಾನಿಗೆ ತಿಂಗಳಿಗೆ ಹದಿಮೂರು ಯೂನಿಟ್ ಮೇಲೆ ನಿಜವಾಗಿ ಉಳಿಯುತ್ತಿತ್ತು. ಓನರ್‌ಗೆ ಹೇಳಿ ನೋಡಿದೆವು. "ಬಿಲ್ ತುಂಬೋರು ನೀವಲ್ರಿ, ಫ್ಯಾನೂ ನೀವೇ ಹಾಕಿಸ್ಕೊರಿ" ಅಂದರು.